ಪ್ರೇಮಾ ಕಾರಂತ: ಉಡುಪಿನ ಪೆಟ್ಟಿಗೆಯಿಂದ ಬಂದ ನಿರ್ದೇಶಕಿ

ನಟಿಯಾಗಿದ್ದು ನಿರ್ದೇಶಕಿಯಾದವರೊಬ್ಬರ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ಮೊದಲು ನನ್ನ ನೆನಪಿಗೆ ಬಂದದ್ದು ಸ್ವೀಡನ್ ದೇಶದ ಮಾಯ್ ಜೆಟರ್ಲಿಂಗ್ ಎಂಬಾಕೆಯ ಹೆಸರು. 1925ರಲ್ಲಿ ಹುಟ್ಟಿದ ಈಕೆ ಹತ್ತೊಂಬತ್ತರ ವಯಸ್ಸಿನಲ್ಲಿ, 1944ರ 'ಹೆಟ್ಸ್' ಚಿತ್ರದಿಂದ ಹೆಸರಾದಳು. ಆ ಚಿತ್ರಕ್ಕೆ ಕಥೆ ಬರೆದವನು ಆಗಿನ್ನೂ ತರುಣನಾಗಿದ್ದ ಇಂಗ್ಮಾರ್ ಬರ್ಗ್‌ಮನ್. ಮುಂದೆ ಇಂಗ್ಲೆಂಡಿನ ಚಿತ್ರಗಳಲ್ಲಿ ನಟಿಸಿ, ಚೆಲುವೆಯೆಂದು ಖ್ಯಾತಿ ಪಡೆದು, ನಲವತ್ತರ ಹೊಸ್ತಿಲಲ್ಲಿ ಕ್ಯಾಮೆರಾದ ಮುಂದಿನಿಂದ ಹಿಂದಕ್ಕೆ ಸರಿದಳು. ಅವಳ ಮೊದಲ ಪೂರ್ಣ ಪ್ರಮಾಣದ ಚಿತ್ರ 'ಲವಿಂಗ್ ಕಪಲ್ಸ್' 1964ರಲ್ಲಿ ಬಂತು. ಇವಳ ವಿಷಯವಾಗಿ ಎರಡು ಪುಟ ಬರೆದೂ ಬಿಟ್ಟಿದ್ದೆ. ಆಮೇಲೆ ಮನಸ್ಸು ತಡೆಯಿತು. ಸ್ವೀಡನ್ನಿನ ಮಾತು ಹಾಗಿರಲಿ, ನಮ್ಮ ಭಾಷೆಯಲ್ಲಿ ಈ ದಾರಿಯನ್ನು ನಡೆದವರು ಯಾರು? ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡಾಗ ದೊರೆತ ಉತ್ತರ ನಾನು ಎಣಿಸಿದಂತಿರಲಿಲ್ಲ.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತೆರೆ ಕಂಡದ್ದು 1934ರಲ್ಲಿ. ಕನ್ನಡದ ಮೊದಲ ಮಹಿಳಾ ನಿರ್ದೇಶಕಿಯೆಂದು ಎಲ್ಲರೂ ಗುರುತಿಸುವ ಪ್ರೇಮಾ ಕಾರಂತರ 'ಫಣಿಯಮ್ಮ' ಬಂದದ್ದು 1983ರಲ್ಲಿ. ನಡುವೆ ನಲವತ್ತೊಂಬತ್ತು ವರ್ಷಗಳ ಅಂತರ. ಈ ಅಂತರ ಎಲ್ಲ ಭಾಷೆಗಳಲ್ಲೂ ಇಷ್ಟು ದೀರ್ಘವಾಗಿರಲಿಲ್ಲ. ಮಾತಿನ ಚಿತ್ರ ಹುಟ್ಟುವುದಕ್ಕೆ ಮೊದಲೇ, 1926ರಲ್ಲಿ, ಮುಂಬಯಿಯ ಫಾತ್ಮಾ ಬೇಗಂ 'ಬುಲ್‌ಬುಲ್-ಎ-ಪರಿಸ್ತಾನ್' ಚಿತ್ರವನ್ನು ನಿರ್ದೇಶಿಸಿದ್ದರು. ತಮಿಳಿನಲ್ಲಿ ಟಿ. ಪಿ. ರಾಜಲಕ್ಷ್ಮಿ 1936ರಲ್ಲಿ 'ಮಿಸ್ ಕಮಲಾ' ಮಾಡಿದರು. ಭಾನುಮತಿಯವರು 1953ರಲ್ಲಿ 'ಚಂಡೀರಾಣಿ'ಯನ್ನು ಮೂರು ಭಾಷೆಗಳಲ್ಲಿ ತೆಗೆದರು. ಸಾವಿತ್ರಿ 1968ರಲ್ಲಿ ತೆಲುಗಿನ 'ಚಿನ್ನಾರಿ ಪಾಪಲು' ಚಿತ್ರವನ್ನು ನಿರ್ದೇಶಿಸಿದರು. ಇವರೆಲ್ಲರೂ ನಟಿಯರೆಂಬುದನ್ನು ಗಮನಿಸಬೇಕು. ಮುಖದಿಂದ ಬಂದ ಕೀರ್ತಿ, ಆ ಕೀರ್ತಿಯಿಂದ ಬಂದ ಹಣ, ಹಣದಿಂದ ಬಂದ ಅಧಿಕಾರ, ಕೊನೆಗೆ ನಿರ್ದೇಶಕನ ಕುರ್ಚಿ. ಜೆಟರ್ಲಿಂಗಳ ದಾರಿಯೂ ಬಹುಮಟ್ಟಿಗೆ ಇದೇ.

ಕನ್ನಡದಲ್ಲಿ ಈ ಏಣಿಯ ಕೆಳಗಿನ ಮೆಟ್ಟಿಲುಗಳು ಇದ್ದವು, ಮೇಲಿನವು ಇರಲಿಲ್ಲ. ನಮ್ಮ ಉತ್ತರದ ಕಡೆಯ ಬೀಳಗಿಯಿಂದ ಹೋದ ಅಮೀರಬಾಯಿ ಕರ್ನಾಟಕಿಯ ಕಂಠವನ್ನು 1943ರ 'ಕಿಸ್ಮತ್' ಚಿತ್ರದಿಂದಾಗಿ ಇಡೀ ದೇಶ ಕೇಳಿತು. ಆಕೆ 1948ರ 'ಶಹನಾಜ್' ಚಿತ್ರಕ್ಕೆ ಸಂಗೀತವನ್ನೂ ನೀಡಿದಳು. ಆದರೆ ಅದೆಲ್ಲ ನಡೆದದ್ದು ಮುಂಬಯಿಯಲ್ಲಿ, ಹಿಂದಿಯಲ್ಲಿ. ಅವಳ ಅಕ್ಕ ಗೋಹರಬಾಯಿ ಬಾಲಗಂಧರ್ವರ ಮಂಡಳಿ ಸೇರಿ ಮರಾಠಿ ರಂಗಭೂಮಿಗೆ ಸಂದಳು. 1936ರ 'ಸಂಸಾರ ನೌಕೆ'ಯಲ್ಲಿ ನಾಯಕಿಯಾಗಿದ್ದ ಎಂ. ವಿ. ರಾಜಮ್ಮನವರು 1943ರಲ್ಲಿ 'ರಾಧಾರಮಣ' ಚಿತ್ರವನ್ನು ತಾವೇ ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿಯಾದರು. ಅಲ್ಲಿಂದ ಒಂದೇ ಹೆಜ್ಜೆ ಮುಂದಿತ್ತು. ಆ ಹೆಜ್ಜೆಯನ್ನು ಯಾರೂ ಇಡಲಿಲ್ಲ. ಕನ್ನಡ ಚಿತ್ರಗಳು ಬಹುಕಾಲ ತಯಾರಾದದ್ದು ಕೊಲ್ಲಾಪುರದಲ್ಲಿ, ಸೇಲಂನಲ್ಲಿ, ಹೆಚ್ಚಾಗಿ ಮದರಾಸಿನಲ್ಲಿ. ಬಾಡಿಗೆಯ ಸ್ಟುಡಿಯೋದಲ್ಲಿ, ಚಿಕ್ಕ ಮಾರುಕಟ್ಟೆಗಾಗಿ, ಪಕ್ಕದ ಭಾಷೆಯವರ ಚಿತ್ರೀಕರಣ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಕೆಲಸ ಮಾಡುವ ಉದ್ಯಮದಲ್ಲಿ ಗಂಡಸರಿಗೇ ಕುರ್ಚಿ ಸಾಲದಾಗಿತ್ತು. ಹೆಣ್ಣಿಗೆ ಅದನ್ನು ಬಿಟ್ಟುಕೊಡುವ ಉದಾರತೆ ಎಲ್ಲಿಂದ ಬರಬೇಕು? ಇದು ನನ್ನ ಊಹೆ. ಬಲ್ಲವರು ತಿದ್ದಬಹುದು.

ಹೀಗಾಗಿ ಕನ್ನಡದಲ್ಲಿ ಆ ಕುರ್ಚಿಯವರೆಗೆ ಬಂದ ಹೆಣ್ಣುಮಗಳು ಬೆಳ್ಳಿತೆರೆಯ ತಾರೆಯಾಗಿ ಬರಲಿಲ್ಲ. ಶಾಲೆಯ ಮಕ್ಕಳ ನಡುವಿನಿಂದ, ಹೊಲಿಗೆಯ ಸೂಜಿಯಿಂದ, ರಂಗದ ಹಿಂದಿನ ಉಡುಪಿನ ಪೆಟ್ಟಿಗೆಯಿಂದ ಎದ್ದು ಬಂದಳು. ಇಂದು ನಾನು ಹೇಳಹೊರಟಿರುವುದು ಈ ಬೇರೆಯ ದಾರಿಯ ಕಥೆಯನ್ನು.

ಪ್ರೇಮಾ ಹುಟ್ಟಿದ್ದು 1936ರಲ್ಲಿ, ಭದ್ರಾವತಿಯಲ್ಲಿ. ಬಾಲ್ಯ ಕಳೆದದ್ದು ಶಿಡ್ಲಘಟ್ಟದಲ್ಲಿ. ತಾಯಿಯನ್ನು ಎಳೆತನದಲ್ಲಿಯೇ ಕಳೆದುಕೊಂಡರು. ಓದಿ ಬೆಂಗಳೂರಿನಲ್ಲಿ ಶಾಲಾ ಶಿಕ್ಷಕಿಯಾದರು. ಅಲ್ಲಿ ಪರಿಚಯವಾದವರು ಬಾಬುಕೋಡಿ ವೆಂಕಟರಮಣ ಕಾರಂತರು. ಮಂಚಿಯ ಹುಡುಗ ಗುಬ್ಬಿ ಕಂಪನಿಗೆ ಓಡಿಹೋಗಿ, ಅಲ್ಲಿ ಹಾಡಿ ಬೆಳೆದು, ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಹಿಂದಿ ಓದಿದ ಕಥೆ ಕನ್ನಡಿಗರಿಗೆಲ್ಲ ತಿಳಿದದ್ದೇ. ಮದುವೆಯಾದ ಮೇಲೆ ಪ್ರೇಮಾ ಅವರೂ ಕಾಶಿಗೆ ಹೋದರು, ಹಿಂದೂ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಅಲ್ಲಿಂದ ದೆಹಲಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿಯಾದಾಗ ಮನೆ ನಡೆದದ್ದು ಪ್ರೇಮಾ ಅವರ ಶಿಕ್ಷಕಿಯ ಸಂಬಳದಿಂದ. ನಮ್ಮ ಸಾಹಿತಿ ಕಲಾವಿದರ ಜೀವನಚರಿತ್ರೆಗಳಲ್ಲಿ ಇಂಥ ಸಂಬಳಗಳಿಗೆ ಒಂದು ಸಾಲಿಗಿಂತ ಹೆಚ್ಚಿನ ಜಾಗ ಸಿಕ್ಕಿದ್ದನ್ನು ನಾನು ಕಂಡಿಲ್ಲ. ನಾನೂ ಈಗ ಎರಡೇ ಸಾಲು ಕೊಟ್ಟಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆದರೆ ಪ್ರೇಮಾ ಅವರು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಅದೇ ನಾಟಕ ಶಾಲೆಗೆ ತಾವೂ ವಿದ್ಯಾರ್ಥಿನಿಯಾಗಿ ಸೇರಿ ಪದವೀಧರೆಯಾದರು. ಗಂಡನ ಕಲಿಕೆಗೆ ಎಣ್ಣೆ ಎರೆದ ಕೈ ತನ್ನ ದೀಪವನ್ನೂ ಹೊತ್ತಿಸಿಕೊಂಡಿತು.

ಎಪ್ಪತ್ತರ ದಶಕದ ಬೆಂಗಳೂರು ಕನ್ನಡ ರಂಗಭೂಮಿಗೆ ಹಬ್ಬದ ಕಾಲ. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಆಡಿಸಿದರು. ಮುಂದೆ 'ಬೆನಕ' ತಂಡ ಹುಟ್ಟಿತು. ಕಾರಂತರ ರಂಗಸಂಗೀತದ ಮಾತನ್ನು ಎಲ್ಲರೂ ಆಡಿದರು. ಆ ನಟರು ಏನನ್ನು ಉಟ್ಟುಕೊಂಡು ಹಾಡುತ್ತಿದ್ದರೆಂಬುದನ್ನು ಕೇಳಿದವರು ಕಡಿಮೆ. ಉಡುಪಿನ ಕೆಲಸ ಪ್ರೇಮಾ ಅವರದು. ಅವರ ಕೈ ಆಡಿದ ನಾಟಕಗಳ ಸಂಖ್ಯೆ ನೂರನ್ನು ಮಿಕ್ಕುತ್ತದೆ.

ಉಡುಪು ಎಂಬುದು ನಾಟಕದಲ್ಲಿ ಎಂಥ ಮಾತನ್ನು ಆಡಬಲ್ಲದು ಎಂಬುದನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಕಾಲವನ್ನು ನೆನೆಯಬೇಕು. ನಾನು ಹುಡುಗನಾಗಿದ್ದಾಗ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೆ ಕಂಪನಿ ನಾಟಕದವರು ತಟ್ಟಿಯ ಥೇಟರು ಕಟ್ಟುತ್ತಿದ್ದರು. ನಮ್ಮ ಕೋಟನೂರ ಆಗ ಊರ ಹೊರಗಿನ ಹಳ್ಳಿ, ಈಗ ಊರೇ ಬೆಳೆದು ಬಂದು ನಮ್ಮನ್ನು ಸೇರಿದೆ. ಅಲ್ಲಿಂದ ನಡೆದು ಹೋಗಿ, ಟಿಕೀಟಿಗೆ ದುಡ್ಡಿಲ್ಲದೆ, ತಟ್ಟಿಯ ಹಿಂದಿನ ಸಂದಿಯಲ್ಲಿ ಬಣ್ಣದ ಮನೆಯೊಳಕ್ಕೆ ಇಣುಕಿದವನು ನಾನು. ಒಳಗೆ ಕಟ್ಟಿಗೆಯ ದೊಡ್ಡ ಪೆಟ್ಟಿಗೆಗಳು. ಮಖಮಲ್ಲಿನ ನಿಲುವಂಗಿ, ಜರಿ ಮಾಸಿದ ಪೈಜಾಮ, ಗಾಜಿನ ಹರಳು ಹಚ್ಚಿದ ಕಿರೀಟ. ಕೃಷ್ಣನಿಗೂ ಅವೇ, ಎಚ್ಚಮನಾಯಕನಿಗೂ ಅವೇ. ಹೆಣ್ಣಿನ ಪಾತ್ರದ ಬಟ್ಟೆಗಳಂತೂ ವಿಚಿತ್ರ. ನಮ್ಮ ಕಡೆಯ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಬಹುಕಾಲ ಗಂಡಸರೇ ಮಾಡಿದ್ದರಲ್ಲವೆ? ರಂಗದ ಮೇಲಿನ ಹೆಣ್ಣಿನ ಉಡುಪು ರೂಪುಗೊಂಡದ್ದು ಗಂಡಿನ ಭುಜಕ್ಕೆ, ಗಂಡಿನ ಕಲ್ಪನೆಗೆ. ನಟಿಯರು ಬಂದ ಮೇಲೂ ಅವರು ಅದೇ ಅಂಗಿಯೊಳಗೆ ಹೊಕ್ಕರು. ಪ್ರೇಮಾ ಅವರ ತಲೆಮಾರಿನವರು ಈ ಪೆಟ್ಟಿಗೆಯನ್ನು ಬರಿದು ಮಾಡಿ, ಈ ಪಾತ್ರದ ಹೆಂಗಸು ಯಾವ ಊರಿನವಳು, ಯಾವ ಜಾತಿಯವಳು, ಈ ಸೀರೆಯನ್ನು ಎಷ್ಟು ಸಲ ಒಗೆದಿದ್ದಾಳೆ, ಸೆರಗನ್ನು ಎಲ್ಲಿ ಸಿಕ್ಕಿಸುತ್ತಾಳೆ ಎಂದು ಮೊದಲಿನಿಂದ ಕೇಳಬೇಕಾಯಿತು.

ಈ ಕೆಲಸವೇ ಅವರನ್ನು ಸಿನಿಮಾಕ್ಕೆ ಕರೆತಂದಿತು. ಜಿ. ವಿ. ಅಯ್ಯರ್ ಅವರು ತ.ರಾ.ಸು. ಕಾದಂಬರಿಯನ್ನು ಆಧರಿಸಿ 1975ರಲ್ಲಿ 'ಹಂಸಗೀತೆ' ಮಾಡಿದಾಗ ಅದರ ವಸ್ತ್ರವಿನ್ಯಾಸ ಪ್ರೇಮಾ ಅವರದಾಗಿತ್ತು. ಚಿತ್ರದುರ್ಗದ ಒಬ್ಬ ಸಂಗೀತಗಾರನ ಕಥೆ ಅದು, ಕಾಲ ಹದಿನೆಂಟನೆಯ ಶತಮಾನ. ಅದಾದ ಮೇಲೆ ಅಯ್ಯರ್ ಅವರದೇ 'ಕುದುರೆ ಮೊಟ್ಟೆ' ಚಿತ್ರಕ್ಕೆ ಅವರು ಕಲಾನಿರ್ದೇಶಕಿ. ಬಟ್ಟೆಯಿಂದ ಗೋಡೆಗೆ, ಗೋಡೆಯಿಂದ ಇಡೀ ಮನೆಗೆ ಅವರ ಕಣ್ಣು ಹರಡುತ್ತ ಹೋದದ್ದನ್ನು ಇಲ್ಲಿ ಕಾಣಬಹುದು. ಇನ್ನು ಉಳಿದದ್ದು ಕಥೆಯೊಂದೇ.

ಆ ಕಥೆಯನ್ನು ಅವರಿಗೆ ಕೊಟ್ಟವರು ಎಂ. ಕೆ. ಇಂದಿರಾ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿ, ಹೆಚ್ಚು ಶಾಲೆ ಕಾಣದೆ, ನಲವತ್ತೈದು ದಾಟಿದ ಮೇಲೆ 'ತುಂಗಭದ್ರಾ' ಕಾದಂಬರಿಯಿಂದ ಲೇಖಕಿಯಾದ ಗೃಹಿಣಿ ಇಂದಿರಾ. 'ಫಣಿಯಮ್ಮ' 1976ರ ಕೃತಿ. ತಮ್ಮ ಮನೆತನದಲ್ಲಿಯೇ ಬಾಳಿದ ಒಬ್ಬ ವಿಧವೆಯ ಕಥೆ, ತಾಯಿಯ ಬಾಯಿಂದ ಕೇಳಿದ್ದು. 1840ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ, ನೂರ ಹನ್ನೆರಡು ವರ್ಷ ಬದುಕಿದ ಹೆಂಗಸು. ಎಳೆವಯಸ್ಸಿನಲ್ಲಿ ಮದುವೆ, ಮದುವೆಯ ಬೆನ್ನಿಗೇ ಹುಡುಗ ಗಂಡ ಹಾವು ಕಚ್ಚಿ ಸತ್ತ. ಆಕೆಯ ಹೆಸರೋ ಫಣಿ! ಮೈನೆರೆದೊಡನೆ ತಲೆ ಬೋಳಿಸಿದರು. ಆಮೇಲೆ ಒಪ್ಪೊತ್ತಿನ ಊಟ, ಮಡಿ, ದೊಡ್ಡ ಮನೆಯ ಮುಗಿಯದ ಕೆಲಸ. ತಾನು ಹೆರದ ಫಣಿಯಮ್ಮ ಊರಿನ ಹೆಂಗಸರ ಹೆರಿಗೆಗೆ ಆಸರೆಯಾಗುತ್ತಾಳೆ. ಮಡಿಯ ಗೆರೆಯನ್ನು ದಾಟಿ, ಮೇಲುಜಾತಿಯವರು ಮುಟ್ಟದ ಮನೆಯ ಹೆಂಗಸಿನ ಹೆರಿಗೆಗೂ ಗುಟ್ಟಾಗಿ ಹೋಗುತ್ತಾಳೆ. ಕೊನೆಗೆ ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಕೊಡಲಾರೆನೆಂದು ಸಿಡಿದು ನಿಂತಾಗ ಮುದುಕಿ ಫಣಿಯಮ್ಮ ಅವಳ ಪರವಾಗಿ ಮಾತನಾಡುತ್ತಾಳೆ.

ಈ ಕಾದಂಬರಿಯನ್ನು ನಾನು ಹಲವು ವರ್ಷ ಪಾಠ ಮಾಡಿದ್ದೇನೆ. 'ಸಮಾಜ ಸುಧಾರಣೆಯ ದೃಷ್ಟಿ', 'ಸಂಪ್ರದಾಯ ಮತ್ತು ಮಾನವೀಯತೆ' ಎಂದು ಎರಡು ತಲೆಬರಹ ಕೊಟ್ಟು ಟಿಪ್ಪಣಿ ಬರೆಸಿದ್ದೇನೆ. ಹುಡುಗರು ಪರೀಕ್ಷೆಯಲ್ಲಿ ಅದನ್ನೇ ನನಗೆ ಹಿಂತಿರುಗಿಸಿದ್ದಾರೆ. ಆ ಟಿಪ್ಪಣಿಯಲ್ಲಿ ಏನಿರಲಿಲ್ಲ ಎಂಬುದು ನನಗೆ ತಿಳಿದದ್ದು ಚಿತ್ರವನ್ನು ನೋಡಿದ ದಿನ, ಅದೂ ನನ್ನ ಸೋದರತ್ತೆಯ ಬಾಯಿಂದ.

ಆಕೆಯನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ನಾವು ಅತ್ಯಾ ಎಂದು ಕರೆಯುತ್ತಿದ್ದೆವು. ಹದಿನೇಳರಲ್ಲಿ ಗಂಡ ಹೋದ, ತಲೆ ತೆಗೆಸಿದರು, ಅದೇ ಮನೆಯಲ್ಲಿ ಅರವತ್ತು ವರ್ಷ ಉಳಿದಳು. ಬೇಸಗೆಗೊಮ್ಮೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಕಟ್ಟಿಕೊಂಡು ಕೋಟನೂರಿಗೆ ಬರುತ್ತಿದ್ದಳು, ಮಳೆಗಾಲಕ್ಕೆ ತಿರುಗಿ ಹೋಗುತ್ತಿದ್ದಳು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮೂರಿನ ಕೆಲವು ಗೆಳೆಯರು ಸಭಾಗೃಹವೊಂದರಲ್ಲಿ ಪರದೆ ಕಟ್ಟಿ 'ಫಣಿಯಮ್ಮ' ತೋರಿಸಿದರು. ಜೀವಮಾನದಲ್ಲಿ ಥೇಟರು ಹತ್ತದ ಅತ್ಯಾ, ಮಡಿ ಹೆಂಗಸಿನ ಕಥೆಯಂತೆ ಎಂದು ಕೇಳಿ, ತಾನೂ ಬರುತ್ತೇನೆಂದಳು. ಹಿಂದಿನ ಸಾಲಿನಲ್ಲಿ, ಯಾರಿಗೂ ತಾಗದಂತೆ ಗೋಡೆಯ ಪಕ್ಕ ಕೂರಿಸಿದೆ.

ಚಿತ್ರ ಮುಗಿದ ಮೇಲೆ ಟಾಂಗಾದಲ್ಲಿ ಮನೆಗೆ ಬರುವಾಗ ನಾನು ಉತ್ಸಾಹದಿಂದ ಸುಧಾರಣೆಯ ಮಾತಾಡುತ್ತಿದ್ದೆ. ಅತ್ಯಾ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ತಮ್ಮಾ, ಇದನ್ನ ತಗದವ್ರು ಯಾರು?"

"ಒಬ್ಬ ಹೆಣ್ಣುಮಗಳು ಅತ್ಯಾ, ಬೆಂಗಳೂರಿನವರು."

"ಅದಕ್ಕ ಮತ್ತ. ಸೀರಿ ಉಡಿಸಿದ್ದು ನೋಡಿದ್ರ ತಿಳೀತದ. ಕೂದಲಿಲ್ಲದ ತಲಿ ಮ್ಯಾಲ ಸೆರಗು ನಿಲ್ಲಂಗಿಲ್ಲಪಾ, ಜಾರತದ. ಅರವತ್ತು ವರ್ಷ ಒಂದು ಕೈ ಸೆರಗಿನಾಗೇ ಹೋತು ನಂದು." ಹಾಗೆನ್ನುತ್ತ ಜಾರಿದ ಸೆರಗನ್ನು ಎಳೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಅದನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೆ, ಅಂದೇ ಮೊದಲು ಕಂಡೆ.

ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತಾಗ ಅವಳು ಇನ್ನೊಂದು ಮಾತು ಹೇಳಿದಳು. ತಲೆ ತೆಗೆಸಿದ ದಿನದ ಮಾತಲ್ಲ ಅದು. ಆ ಮಾತನ್ನು ನಾನು ಕೇಳಲೂ ಇಲ್ಲ, ಅವಳು ಆಡಲೂ ಇಲ್ಲ. ಮದುವೆಯಲ್ಲಿ ಕೊಟ್ಟ ಒಂದು ಹಸಿರು ಇಳಕಲ್ ಸೀರೆ ಇತ್ತಂತೆ, ಎರಡೇ ಸಲ ಉಟ್ಟಿದ್ದಳಂತೆ. ಗಂಡ ಸತ್ತ ಮೇಲೆ ಅದನ್ನು ನೆಗೆಣ್ಣಿಗೆ ಕೊಟ್ಟರು. "ಹಬ್ಬಕ್ಕೊಮ್ಮೆ ಅಕಿ ಉಟ್ಕೊಂಡು ನನ್ನ ಮುಂದ ಅಡ್ಡಾಡ್ತಿದ್ಲು. ಅಕಿದೇನೂ ತಪ್ಪಿಲ್ಲ, ಸೀರಿ ಪೆಟ್ಟಿಗ್ಯಾಗ ಕೊಳೀಬೇಕೇನು? ಆದ್ರ ಆ ಸೀರಿ ಹರದು ಕೌದಿಗೆ ಹಾಕೋತನಕ ನಾ ಅದರ ದಡಿ ನೋಡ್ತಾ ಇದ್ದೆ."

ನಾನು ಬರೆಸಿದ ಟಿಪ್ಪಣಿಯಲ್ಲಿ ಈ ದಡಿ ಇರಲಿಲ್ಲ. ವೈಧವ್ಯವನ್ನು ನಾವು ಒಂದು ಸಾಮಾಜಿಕ ಸಮಸ್ಯೆಯೆಂದು ಓದಿದೆವು. ಅದನ್ನು ಉಂಡವರಿಗೆ ಅದು ಬಳೆ, ಕುಂಕುಮ, ಕೂದಲು, ಬಣ್ಣದ ಸೀರೆ ಒಂದೊಂದಾಗಿ ಮೈಯಿಂದ ಇಳಿದುಹೋದದ್ದು. ಒಬ್ಬ ವ್ಯಕ್ತಿಯನ್ನು ಇಂಥವಳು ಎಂದು ಜಗತ್ತಿಗೆ ಸಾರುವ ಉಡುಪನ್ನು ಕಳಚಿ, ಬೇರೊಂದು ಉಡುಪನ್ನು ಬಲವಂತವಾಗಿ ತೊಡಿಸುವ ಕ್ರಿಯೆ. ಇದನ್ನು ತೆರೆಯ ಮೇಲೆ ತರುವುದಕ್ಕೆ ಬಟ್ಟೆಯ ಭಾಷೆಯನ್ನು ಬಲ್ಲವರಿಗಿಂತ ತಕ್ಕವರು ಯಾರು? ಎಷ್ಟೋ ಪಾತ್ರಗಳಿಗೆ ಉಡಿಸಿ ತೊಡಿಸಿದ ಪ್ರೇಮಾ ಕಾರಂತರು ತಮ್ಮ ಮೊದಲ ಚಿತ್ರಕ್ಕೆ ಆರಿಸಿಕೊಂಡದ್ದು ಉಡಿಗೆ ತೊಡಿಗೆಗಳನ್ನೆಲ್ಲ ಕಸಿದುಕೊಂಡ ಹೆಂಗಸೊಬ್ಬಳನ್ನು. ಅವರು ಇದನ್ನು ಹೀಗೆಯೇ ಯೋಚಿಸಿ ಆರಿಸಿದರೆಂದು ನಾನು ವಾದಿಸುವುದಿಲ್ಲ. ಚಿತ್ರದ ಬಲ ಅಲ್ಲಿಂದ ಬಂತೆಂದು ಮಾತ್ರ ನಂಬಿದ್ದೇನೆ.

ಫಣಿಯಮ್ಮನಾಗಿ ನಟಿಸಿದವರು ಎಲ್. ವಿ. ಶಾರದಾ. ಇದೇ ಶಾರದಾ ಅವರು ಹನ್ನೆರಡು ವರ್ಷ ಹಿಂದೆ, ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಕೂಡಿ ನಿರ್ದೇಶಿಸಿದ 1971ರ 'ವಂಶವೃಕ್ಷ'ದಲ್ಲಿ ಕಾತ್ಯಾಯನಿಯಾಗಿದ್ದರು. ಕಾತ್ಯಾಯನಿಯೂ ವಿಧವೆಯೇ. ಆದರೆ ಅವಳು ಕಾಲೇಜಿಗೆ ಹೋಗುತ್ತಾಳೆ, ಪ್ರೀತಿಸುತ್ತಾಳೆ, ಮಗುವನ್ನೂ ಮನೆಯನ್ನೂ ಬಿಟ್ಟು ಮರುಮದುವೆಯಾಗುತ್ತಾಳೆ, ಕೊನೆಗೆ ಆ ಅಪರಾಧಪ್ರಜ್ಞೆಯಲ್ಲಿ ಬೇಯುತ್ತಾಳೆ. ಭೈರಪ್ಪನವರ ಕಾದಂಬರಿಯಲ್ಲಿ ದೊಡ್ಡ ಪ್ರಶ್ನೆಗಳೆಲ್ಲ ಶ್ರೀನಿವಾಸ ಶ್ರೋತ್ರಿಗಳಿಗೆ ಸೇರಿದವು. ವಿಧವೆಯ ನಡೆ ಆ ಪ್ರಶ್ನೆಗಳಿಗೊಂದು ಪರೀಕ್ಷೆ. ಗಂಡನ ಚಿತ್ರದ ವಿಧವೆಯನ್ನೂ ಹೆಂಡತಿಯ ಚಿತ್ರದ ವಿಧವೆಯನ್ನೂ ಒಬ್ಬಳೇ ನಟಿ ಮಾಡಿದ್ದರಿಂದ ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡುವ ಅವಕಾಶ ನಮಗೆ ಒದಗಿದೆ. 'ವಂಶವೃಕ್ಷ'ದಲ್ಲಿ ವಿಧವೆ ಮನೆಯಿಂದ ಹೊರಗೆ ಹೋದಾಗ ಕಥೆ ಆರಂಭವಾಗುತ್ತದೆ. 'ಫಣಿಯಮ್ಮ'ದಲ್ಲಿ ಅವಳು ಮನೆಯೊಳಗೇ ಉಳಿಯುತ್ತಾಳೆ, ಕಥೆಯೂ ಅಲ್ಲಿಯೇ ಉಳಿಯುತ್ತದೆ. ಅಡುಗೆಮನೆಯಲ್ಲಿ, ಬಾಣಂತಿಯ ಕೋಣೆಯಲ್ಲಿ, ಹಿತ್ತಿಲಿನಲ್ಲಿ ಯಾವ ಶಾಸ್ತ್ರವೂ ಬರೆದಿಡದ ಒಂದು ಬಾಳು ಅಲ್ಲಿ ಸಾಗುತ್ತದೆ.

ಚಿತ್ರಕ್ಕೆ ಆಕ್ಷೇಪಗಳೂ ಬಂದುವು, ಕಾದಂಬರಿಗೂ ಬಂದಿದ್ದುವು. ಫಣಿಯಮ್ಮನನ್ನು ಸಂತಳನ್ನಾಗಿ ಮಾಡಿದ್ದಾರೆ, ಅವಳು ಯಾವುದನ್ನೂ ವಿರೋಧಿಸುವುದಿಲ್ಲ, ತಾಳ್ಮೆಯನ್ನು ಹೀಗೆ ಹೊಗಳಿದರೆ ಕ್ರೌರ್ಯಕ್ಕೇ ನೆರವಾದೀತು ಎಂಬುದು ಆಕ್ಷೇಪದ ಸಾರ. ಇದರಲ್ಲಿ ಹುರುಳಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತು ಇದನ್ನೇ ಕೇಳಿದಾಗ ನನಗೆ ಒಪ್ಪುವ ಉತ್ತರ ಹೊಳೆಯಲಿಲ್ಲ. ಈಗ ಹೀಗೆ ಹೇಳಿಯೇನು: ದಾಕ್ಷಾಯಣಿಯ ಸಿಟ್ಟು ನಮಗೆ ಸುಲಭವಾಗಿ ತಿಳಿಯುತ್ತದೆ, ಯಾಕೆಂದರೆ ಅವಳು ನಮ್ಮ ಕಾಲದವಳು. ಆ ಸಿಟ್ಟು ಊರಿನಲ್ಲಿ ನಿಲ್ಲುವುದಕ್ಕೆ ಫಣಿಯಮ್ಮನಂಥ ಒಬ್ಬ ಮುದುಕಿಯ ಬೋಳುತಲೆಯ ಬೆಂಬಲ ಬೇಕಾಯಿತು. ಈ ಕೊಂಡಿಯನ್ನು ಇಂದಿರಾ ಕಂಡರು, ಪ್ರೇಮಾ ಬಿಡದೆ ಹಿಡಿದರು. ಅತ್ಯಾ ಮಾತ್ರ ದಾಕ್ಷಾಯಣಿಯ ವಿಷಯವಾಗಿ ಒಂದೇ ಮಾತಂದಳು: "ಶ್ಯಾಣೆ ಇದ್ಲು ಹುಡಿಗಿ."

1982ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 'ಫಣಿಯಮ್ಮ' ಕನ್ನಡದ ಅತ್ಯುತ್ತಮ ಚಿತ್ರವೆನಿಸಿತು. ಆ ಹೊತ್ತಿಗೆ ದೇಶದ ಬೇರೆಡೆಯೂ ಗಾಳಿ ಬೀಸತೊಡಗಿತ್ತು. ಸಾಯಿ ಪರಾಂಜಪೆಯವರ 'ಸ್ಪರ್ಶ್' 1980ರಲ್ಲಿ, ಅಪರ್ಣಾ ಸೇನರ '36 ಚೌರಂಗಿ ಲೇನ್' 1981ರಲ್ಲಿ ಬಂದಿದ್ದುವು. ನಮ್ಮ ನೆರೆಯ ಮರಾಠಿ ರಂಗಭೂಮಿಯ ವಿಜಯಾ ಮೆಹ್ತಾ 1986ರಲ್ಲಿ 'ರಾವ್ ಸಾಹೇಬ್' ಮಾಡಿದಾಗ ಅವರೂ ವಿಧವೆಯರ ಕಥೆಯನ್ನೇ ಎತ್ತಿಕೊಂಡರು. ಪರಾಂಜಪೆಯವರೂ ಮೆಹ್ತಾ ಅವರೂ ನಾಟಕದಿಂದ ಬಂದವರು.

ಈಗ ನಾನು ಮೊದಲು ಬಿಟ್ಟುಬಂದ ಜೆಟರ್ಲಿಂಗಳ ಕಡೆಗೆ ಮರಳಬಹುದು. ಎರಡು ದಾರಿಗಳು ಬೇರೆಯೆಂದು ಹೇಳಿದೆನಷ್ಟೆ. ಆದರೆ ದಾರಿ ಮುಗಿದ ಕಡೆ ಇಬ್ಬರೂ ಒಂದೇ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಅವಳ ಮೊದಲ ಕಥಾಚಿತ್ರಕ್ಕೂ ಆಧಾರ ಒಬ್ಬ ಲೇಖಕಿಯ ಕಾದಂಬರಿಯೇ. ಸ್ವೀಡನ್ನಿನ ಆಗ್ನೆಸ್ ಫಾನ್ ಕ್ರೂಸೆನ್‌ಶೆರ್ನಾ ಮೂವತ್ತರ ದಶಕದಲ್ಲಿ ಬರೆದ ಏಳು ಸಂಪುಟಗಳ ಕೃತಿ ಅದು. ಚಿತ್ರ ನಡೆಯುವುದು ಹೆರಿಗೆ ಆಸ್ಪತ್ರೆಯಲ್ಲಿ. ಹೆರಿಗೆಗಾಗಿ ಕಾದಿರುವ ಮೂವರು ಹೆಂಗಸರು ತಮ್ಮ ಬಾಳನ್ನು ನೆನೆಯುತ್ತಾರೆ. ಒಬ್ಬರನ್ನೊಬ್ಬರು ಕಾಣದ ಎರಡು ದೇಶದ ಇಬ್ಬರು ಹೆಂಗಸರು ಕ್ಯಾಮೆರಾ ಕೈಗೆ ಬಂದೊಡನೆ ಹೆರಿಗೆಯ ಕೋಣೆಗೆ ಹೋದದ್ದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ. ಅರವತ್ತು ಎಪ್ಪತ್ತು ವರ್ಷ ಗಂಡಸರ ಕ್ಯಾಮೆರಾ ಆ ಬಾಗಿಲ ಹೊರಗೆ ನಿಂತು, ಒಳಗಿನಿಂದ ಮಗುವಿನ ಅಳು ಕೇಳಿಸಿದೊಡನೆ ತಂದೆಯ ಮುಖವನ್ನು ತೋರಿಸುತ್ತಿತ್ತು.

ಆಮೇಲಿನ ಕಥೆಯೂ ಇಬ್ಬರದೂ ಸುಖದ್ದಲ್ಲ. ಜೆಟರ್ಲಿಂಗಳ 1968ರ 'ದಿ ಗರ್ಲ್ಸ್' ಚಿತ್ರದಲ್ಲಿ ಮೂವರು ನಟಿಯರು ಗ್ರೀಕ್ ನಾಟಕ 'ಲೈಸಿಸ್ಟ್ರಾಟ'ವನ್ನು ಊರೂರಿಗೆ ಹೊತ್ತು ತಿರುಗುತ್ತಾರೆ. ಅಂದು ಅದನ್ನು ವಿಮರ್ಶಕರು ಹಳಿದರು, ಜನ ನೋಡಲಿಲ್ಲ. ಸ್ವದೇಶದಲ್ಲಿ ಇನ್ನೊಂದು ಕಥಾಚಿತ್ರ ಮಾಡಲು ಆಕೆ 1986ರವರೆಗೆ ಕಾಯಬೇಕಾಯಿತು. ಆಗಲೂ ಆರಿಸಿಕೊಂಡದ್ದು ಅದೇ ಕ್ರೂಸೆನ್‌ಶೆರ್ನಾಳ ಜೀವನವನ್ನು. 1994ರಲ್ಲಿ ತೀರಿಕೊಂಡಳು.

ಪ್ರೇಮಾ ಅವರದು ಪ್ರಶಸ್ತಿ ಪಡೆದ ಚಿತ್ರ, ಆದರೂ ಮುಂದಿನ ಚಿತ್ರಗಳು ಬೆರಳೆಣಿಕೆಯಷ್ಟೇ. 'ನಕ್ಕಳಾ ರಾಜಕುಮಾರಿ', 'ಲಕ್ಷ್ಮೀ ಕಟಾಕ್ಷ', ಹಿಂದಿಯ 'ಬಂದ್ ಝರೋಖೆ'. ಇವು ಯಾವುವೂ 'ಫಣಿಯಮ್ಮ'ದ ಎತ್ತರಕ್ಕೆ ಸಲ್ಲಲಿಲ್ಲವೆಂದು ಹೇಳುವುದು ಸುಲಭ. ಮೊದಲ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಗಂಡಸು ನಿರ್ದೇಶಕನಿಗೆ ಮುಂದಿನ ಹತ್ತು ವರ್ಷದಲ್ಲಿ ಎಷ್ಟು ನಿರ್ಮಾಪಕರು ಬಾಗಿಲು ತಟ್ಟುತ್ತಾರೆಂಬುದನ್ನೂ ಅದರ ಜೊತೆಗೆ ಎಣಿಸಬೇಕು.

ಆದರೆ ಪ್ರೇಮಾ ಅವರು ಬಾಗಿಲು ತಟ್ಟುವವರಿಗಾಗಿ ಕಾದು ಕೂತವರಲ್ಲ. 1979ರಲ್ಲಿಯೇ ಅವರು ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿದ್ದರು. 'ಅಳಿಲು ರಾಮಾಯಣ'ದಂಥ ನಾಟಕಗಳಿಂದ ಬೆಂಗಳೂರಿನ ಎರಡು ಮೂರು ತಲೆಮಾರಿನ ಮಕ್ಕಳು ಅಲ್ಲಿ ಬಣ್ಣ ಹಚ್ಚಿಕೊಂಡರು. ಶಿಕ್ಷಕಿಯಾಗಿ ಬದುಕು ಆರಂಭಿಸಿದವರು ಹೀಗೆ ಮಕ್ಕಳ ನಡುವೆಯೇ ಉಳಿದರು. ತಮ್ಮ ಬಾಳನ್ನು ಹೇಳಿಕೊಂಡ ಪುಸ್ತಕಕ್ಕೆ ಅವರು ಕೊಟ್ಟ ಹೆಸರು 'ಸೋಲಿಸಬೇಡ ಗೆಲಿಸಯ್ಯಾ'. ವಚನಗಳ ನಾಡಿನಲ್ಲಿ ಕಿವಿಗೆ ಕೂಡಲೇ ತಾಗುವ ಹೆಸರು. ಬಿ. ವಿ. ಕಾರಂತರು 2002ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪ್ರೇಮಾ 2007ರ ಅಕ್ಟೋಬರಿನಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ.

ಅಷ್ಟರೊಳಗೆ ಕವಿತಾ ಲಂಕೇಶ್ 1999ರಲ್ಲಿ 'ದೇವೀರಿ' ಮಾಡಿದ್ದರು. ಪ್ರೇಮಾ ತೀರಿಕೊಂಡ 2007ರಲ್ಲಿಯೇ ನಟಿ ವಿಜಯಲಕ್ಷ್ಮಿ ಸಿಂಗ್ 'ಈ ಬಂಧನ' ಚಿತ್ರವನ್ನು ನಿರ್ದೇಶಿಸಿದರು. ಭಾನುಮತಿ, ಸಾವಿತ್ರಿಯರು ಐವತ್ತು ಅರವತ್ತರ ದಶಕಗಳಲ್ಲಿ ನಡೆದ ಹಾದಿಯಲ್ಲಿ ಕನ್ನಡದ ನಟಿಯರು ನಡೆಯತೊಡಗಿದ್ದು ಹೀಗೆ ಹೊಸ ಶತಮಾನದಲ್ಲಿ.

ಅತ್ಯಾ ಆ ಚಿತ್ರ ನೋಡಿದ ಮೇಲೆ ಇನ್ನು ನಾಲ್ಕು ಬೇಸಗೆ ಕೋಟನೂರಿಗೆ ಬಂದಳು. ಆ ಹೆಣ್ಣುಮಗಳು ಮತ್ತೊಂದು ಸಿನಿಮಾ ತೆಗೆದಳೇನು ಎಂದು ಬಂದಾಗಲೆಲ್ಲ ಕೇಳುತ್ತಿದ್ದಳು. ಈಗ ಮಕ್ಕಳಿಗೆ ನಾಟಕ ಕಲಿಸುತ್ತಾರಂತೆ, ಮೊದಲೆಲ್ಲ ನಾಟಕದ ಬಟ್ಟೆ ಹೊಲಿಸುತ್ತಿದ್ದರಂತೆ ಎಂದು ಒಮ್ಮೆ ಹೇಳಿದೆ. ಬಾಳೆಹಣ್ಣಿನ ಚಿಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, "ನಾ ಅಂದಿದ್ದಿಲ್ಲೇನು?" ಎಂದಳು.